ಕೋಳಿಗೂಡು, ಕಿಟಕಿ, ಬಿಳಿ ಪಂಚೆ: ಪುಟ್ಟ ಕೋಣೆಯ ಬೆಳಕಿನ ಕಥೆ

ಅತ್ತೆ ಫೋನ್ ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ.

"ನಿನ್ನ ಕ್ಯಾಮೆರಾ ಇನ್ನೂ ಇದೆಯೇನೋ?"

ಇದೆ ಅಂದೆ.

"ಹಂಗಾದ್ರೆ ಮುಂದಿನ ಸಲ ಊರಿಗೆ ಬರುವಾಗ ತಗೊಂಡು ಬಾ. ನಂದೊಂದು ಫೋಟೋ ತೆಗಿ. ಒಳ್ಳೇದು ಒಂದು ಇರ್ಲಿ."

ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಾವ ತೀರಿಕೊಂಡ ಮೇಲೆ ಅವರ ಫೋಟೋಗೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ನೇತು ಹಾಕಿದ್ದಾರೆ. ಪಕ್ಕದಲ್ಲೇ ಇನ್ನೊಂದು ಮೊಳೆ ಖಾಲಿ ಇದೆ. ಅತ್ತೆಗೆ ಎಪ್ಪತ್ತು ದಾಟಿದೆ. ಇದರಲ್ಲಿ ಬಿಡಿಸಿ ಹೇಳುವಂಥದ್ದೇನಿದೆ ಹೇಳಿ.

ಆದರೆ ನನಗೆ ಆಶ್ಚರ್ಯ ಆಗಿದ್ದು ಬೇರೆ ಕಾರಣಕ್ಕೆ. ನಮ್ಮ ಅತ್ತೆ ಕ್ಯಾಮೆರಾ ಕಂಡರೆ ಅಡುಗೆಮನೆಗೆ ಓಡುವವರು. ಮನೆಯಲ್ಲಿ ನಡೆದ ಅಷ್ಟೂ ಮದುವೆ, ನಾಮಕರಣಗಳ ಆಲ್ಬಮ್ ತಿರುವಿ ಹಾಕಿದರೂ ಅವರು ಸಿಗುವುದು ಅರ್ಧ ಭುಜ, ಸೀರೆಯ ಅಂಚು, ಇಲ್ಲವೇ ಬೇರೆ ಯಾರದೋ ತಲೆಯ ಹಿಂದೆ ಅಡಗಿದ ಕಣ್ಣು... ಅಷ್ಟೇ. ಸರಿಯಾಗಿ ಕೂತು ತೆಗೆಸಿಕೊಂಡ ಫೋಟೋ ಒಂದೇ ಒಂದು. ಅದು 1972ರದ್ದು, ಗಂಡಿನ ಕಡೆಯವರಿಗೆ ಕಳಿಸಲೆಂದು ತೆಗೆಸಿದ್ದು. ಅದರ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಜೋರಾಗಿ ಹೇಳುವುದಿಲ್ಲ.

ತಾತ ಆಗ ಅತ್ತೆಯನ್ನು ಬಸ್ಸಿನಲ್ಲಿ ಪೇಟೆಗೆ ಕರೆದುಕೊಂಡು ಹೋಗಿದ್ದರು. ಸ್ಟುಡಿಯೋದವರು ಮುಖಕ್ಕೆ ದಪ್ಪಗೆ ಪೌಡರ್ ಬಳಿಸಿದರಂತೆ. ಎದುರಿಗೇ ಎರಡು ದೊಡ್ಡ ಬಲ್ಬು. "ಸೆಖೆಗೆ ಪೌಡರೆಲ್ಲ ಕರಗಿ ಕತ್ತಿಗೆ ಇಳೀತಿತ್ತು, ಅವನು ಮತ್ತೆ ಮತ್ತೆ ಬಳಿಸ್ತಿದ್ದ" ಅಂತ ಅತ್ತೆ ಒಮ್ಮೆ ನಮ್ಮಮ್ಮನ ಹತ್ತಿರ ಹೇಳಿದ್ದು ನನಗೆ ನೆನಪಿದೆ. ಫೋಟೋ ಬಂತು. ಹಾಲಿನಂಥ ಮುಖ. ಮೂಗು ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಗುತ್ತದೆ ಅಂತ ಹುಡುಕಬೇಕು. ಗಂಡಿನ ಕಡೆಯವರು ಫೋಟೋ ಒಪ್ಪಿದರು, ಹೆಣ್ಣು ನೋಡೋಕೆ ಬಂದರು, ಉಪ್ಪಿಟ್ಟು ಕೇಸರಿಬಾತು ತಿಂದರು. ಎದ್ದು ಹೋಗುವಾಗ ಅವರಲ್ಲೊಬ್ಬ ಹೆಂಗಸು ಹಜಾರದಲ್ಲೇ ನಿಂತು "ಫೋಟೋದಲ್ಲಿ ಬೆಳ್ಳಗಿದ್ಲಲ್ಲ?" ಅಂದರಂತೆ. ಅತ್ತೆ ಬಾಗಿಲ ಹಿಂದೆ ನಿಂತಿದ್ದರು.

ಅವತ್ತಿನಿಂದ ಅತ್ತೆ ಕ್ಯಾಮೆರಾ ಎದುರು ಕೂತಿಲ್ಲ. ಎರಡು ವರ್ಷ ಬಿಟ್ಟು ಮಾವನ ಸಂಬಂಧ ಬಂದಾಗ ಅವರು "ಫೋಟೋ ಗೀಟೋ ಬೇಡ, ನಾನೇ ಬಂದು ನೋಡ್ತೀನಿ" ಅಂದಿದ್ದರಂತೆ. ಅದೊಂದೇ ಮಾತಿಗೆ ಅತ್ತೆ ಒಪ್ಪಿಕೊಂಡರು ಅಂತ ನಮ್ಮಪ್ಪ ತಮಾಷೆ ಮಾಡುತ್ತಿದ್ದರು.

ಈಗ ಆ ಅತ್ತೆ ಫೋಟೋ ತೆಗಿ ಅನ್ನುತ್ತಿದ್ದಾರೆ. ನನಗೆ ಜವಾಬ್ದಾರಿ ಬಂತು ನೋಡಿ!

* * *

ಅತ್ತೆ ಮನೆಯಲ್ಲಿ ಫೋಟೋ ತೆಗೆಯಲು ಇರುವುದು ಒಂದೇ ಕೋಣೆ. ಹತ್ತಡಿ ಉದ್ದ, ಒಂಬತ್ತಡಿ ಅಗಲ. ಅದರಲ್ಲೇ ಮಂಚ, ಬೀರು, ಹೊಲಿಗೆ ಮಿಷನ್ನು. ಒಂದು ಕಿಟಕಿ. ಗೋಡೆಗೆ ಗಿಳಿಹಸಿರು ಡಿಸ್ಟೆಂಪರ್. ನನ್ನ ಹತ್ತಿರ ಇದ್ದಿದ್ದು ಒಂದು ಹಳೇ ಕ್ಯಾಮೆರಾ, ಒಂದು ಸಣ್ಣ ಫ್ಲಾಶ್. ಇಂಥ ಜಾಗದಲ್ಲಿ ಮುಖಕ್ಕೆ ಬೆಳಕು ಹೊಂದಿಸುವುದು ಹೇಗೆ ಅಂತ ಓದುತ್ತಾ ಹೋದೆ. ಓದುತ್ತಾ ಗೊತ್ತಾಗಿದ್ದು ಏನೆಂದರೆ, ಫೋಟೋಗ್ರಫಿಯ ಇತಿಹಾಸದ ಬಹುಪಾಲು ಇದೇ ಸಮಸ್ಯೆಯ ಇತಿಹಾಸ: ಕೋಣೆ ಚಿಕ್ಕದು, ಬೆಳಕು ಸಾಲದು, ಎದುರಿಗೆ ಕೂತವರಿಗೆ ಸಂಕೋಚ.

1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಡಾಗೆರ್‌ನ ವಿಧಾನವನ್ನು ಬಹಿರಂಗಪಡಿಸಿದರು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡಿಸುವ ವಿಧಾನ ಅದು. ಆದರೆ ಬಿಸಿಲಲ್ಲೇ ನಿಮಿಷಗಟ್ಟಲೆ ಕಾಯಬೇಕು. ಕಟ್ಟಡಗಳು ಅಲ್ಲಾಡುವುದಿಲ್ಲ, ಸರಿ. ಮನುಷ್ಯರು? ಅದೇ ವರ್ಷ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೆಲಿಯಸ್ ಎಂಬಾತ ತಮ್ಮ ಅಂಗಡಿಯ ಹಿಂದಿನ ಬಯಲಲ್ಲಿ ತಾನೇ ಕ್ಯಾಮೆರಾ ಎದುರು ನಿಂತು ತನ್ನ ಚಿತ್ರ ತೆಗೆದುಕೊಂಡ. ಉಳಿದು ಬಂದಿರುವ ಅತಿ ಹಳೆಯ ಮುಖಚಿತ್ರಗಳಲ್ಲಿ ಅದೂ ಒಂದು. ತಮಾಷೆ ಎಂದರೆ ಅವರ ಮನೆತನದ ವ್ಯಾಪಾರವೇ ದೀಪಗಳದ್ದು. ದೀಪದಂಗಡಿಯವನೂ ಬೆಳಕಿಗಾಗಿ ಹಿತ್ತಿಲಿಗೆ ಹೋಗಬೇಕಾಯಿತು!

1840ರಲ್ಲಿ ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡರ್ ವೋಲ್ಕಾಟ್ ಎಂಬಾತ ಮುಖಚಿತ್ರಕ್ಕೆಂದೇ ಸ್ಟುಡಿಯೋ ತೆರೆದ. ಕಿಟಕಿಯ ಹೊರಗೆ ಕನ್ನಡಿಗಳನ್ನು ಕಟ್ಟಿ ಬಿಸಿಲನ್ನು ಕೋಣೆಯೊಳಕ್ಕೆ ತಿರುಗಿಸಿದ. ಮರುವರ್ಷ, 1841ರ ಮಾರ್ಚ್‌ನಲ್ಲಿ, ಲಂಡನ್ನಿನಲ್ಲಿ ರಿಚರ್ಡ್ ಬಿಯರ್ಡ್ ಒಂದು ಕಟ್ಟಡದ ತಾರಸಿಯ ಮೇಲೆ ಸ್ಟುಡಿಯೋ ಮಾಡಿದ. ಗಾಜಿನ ಚಾವಣಿ, ಆ ಗಾಜಿಗೆ ನೀಲಿ ಬಣ್ಣ.

ನೀಲಿ ಯಾಕೆ? ಇದು ನನ್ನ ಅತ್ತೆಯ ಕಥೆಗೆ ನೇರವಾಗಿ ಸಂಬಂಧಿಸಿದ್ದು, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಆ ಕಾಲದ ತಗಡುಗಳಿಗೆ ಕಾಣುತ್ತಿದ್ದುದು ಮುಖ್ಯವಾಗಿ ನೀಲಿ ಬೆಳಕು. ಕೆಂಪು, ಹಳದಿ ಅವುಗಳ ಪಾಲಿಗೆ ಕತ್ತಲೆ. ನೀಲಿ ಗಾಜು ಹಾಕಿದರೆ ತಗಡಿಗೆ ಬೇಕಾದ ಬೆಳಕು ಬರುತ್ತದೆ, ಕೂತವರ ಕಣ್ಣು ಕುಕ್ಕುವ ಬಿಸಿಲು ಕಡಿಮೆಯಾಗುತ್ತದೆ. ಒಳ್ಳೆಯ ಉಪಾಯ. ಆದರೆ ಮನುಷ್ಯರ ಚರ್ಮ ಯಾವ ಬಣ್ಣದ್ದಾದರೂ ಅದರಲ್ಲಿ ಕೆಂಪು, ಹಳದಿ ಜಾಸ್ತಿ, ನೀಲಿ ಕಡಿಮೆ. ಅದರಲ್ಲೂ ನಮ್ಮಂಥ ಗೋಧಿ, ಎಣ್ಣೆಗೆಂಪು, ಕಪ್ಪು ಬಣ್ಣದವರು ಆ ತಗಡಿನ ಕಣ್ಣಿಗೆ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತಿದ್ದೆವು. ಕಣ್ಣಿಗೆ ಕಂಡಷ್ಟಾದರೂ ಚಿತ್ರದಲ್ಲಿ ಬರಲಿ ಅಂತ ಮುಖಕ್ಕೆ ಪೌಡರ್ ಬಳಿಯುವುದಕ್ಕೆ ಆಗ ಒಂದು ಕಾರಣ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರೋಣ.

* * *

ಈ ಇಡೀ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದವರು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. ಹೆಸರಲ್ಲೇ ಕ್ಯಾಮೆರಾ ಇಟ್ಟುಕೊಂಡ ಹೆಂಗಸು :) ಹುಟ್ಟಿದ್ದು ನಮ್ಮ ಕಲ್ಕತ್ತಾದಲ್ಲಿ, 1815ರಲ್ಲಿ. ಇಂಗ್ಲೆಂಡಿನ ವೈಟ್ ದ್ವೀಪದಲ್ಲಿದ್ದಾಗ, 1863ರ ಕೊನೆಗೆ ಮಗಳು ಅಳಿಯ ಸೇರಿ ಹೊತ್ತು ಕಳೆಯಲಿ ಅಂತ ಒಂದು ಕ್ಯಾಮೆರಾ ಕೊಟ್ಟರು. ಆಕೆಗೆ ಆಗ 48 ವರ್ಷ. ಕಲಿತಿದ್ದೆಲ್ಲ ತಾನೇ. ಕಲ್ಲಿದ್ದಲು ತುಂಬುವ ಕೋಣೆಯನ್ನು ಡಾರ್ಕ್‌ರೂಮ್ ಮಾಡಿಕೊಂಡರು. ಗಾಜು ಹಾಕಿಸಿದ್ದ ಕೋಳಿಗೂಡಿನಿಂದ ಕೋಳಿಗಳನ್ನು ಓಡಿಸಿ ಅದನ್ನೇ ಸ್ಟುಡಿಯೋ ಮಾಡಿಕೊಂಡರು.

ಕೋಳಿಗೂಡು ಅಂದರೆ ಎಷ್ಟು ದೊಡ್ಡದಿದ್ದೀತು! ಆದರೆ ಆಕೆ ಮಾಡಿದ್ದು ಬೇರೆ ಸ್ಟುಡಿಯೋದವರಿಗೆ ತದ್ವಿರುದ್ಧ. ಅವರೆಲ್ಲ ಇನ್ನೂ ಬೆಳಕು, ಇನ್ನೂ ಬೆಳಕು ಅಂತ ಗಾಜಿನ ಮಹಲು ಕಟ್ಟಿಸುತ್ತಿದ್ದರೆ ಈಕೆ ಪರದೆ ಎಳೆದು ಬೆಳಕನ್ನು ಕಡಿಮೆ ಮಾಡಿದರು. ಒಂದು ಕಡೆಯಿಂದ ಮಾತ್ರ ಬರಲಿ, ಮುಖದ ಇನ್ನೊಂದು ಕಡೆ ನೆರಳಲ್ಲೇ ಇರಲಿ ಅಂತ. ಕೂತವರು ನಿಮಿಷಗಟ್ಟಲೆ ಅಲ್ಲಾಡದೆ ಇರಬೇಕಿತ್ತು. ಚಿತ್ರ ಸ್ವಲ್ಪ ಮಸುಕಾದರೂ ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. 1867ರಲ್ಲಿ ತೆಗೆದ ವಿಜ್ಞಾನಿ ಜಾನ್ ಹರ್ಷೆಲ್‌ರ ಚಿತ್ರ ನೋಡಿ: ಕೆದರಿದ ಬಿಳಿ ಕೂದಲು, ಸುಕ್ಕುಗಳು, ಕತ್ತಲಿಂದ ಎದ್ದು ಬಂದಂಥ ಎರಡು ಕಣ್ಣು. ಮುದುಕರ ಮುಖವನ್ನು ಮುಚ್ಚಿಡದೆ ತೋರಿಸುವ ಧೈರ್ಯ ಅದು. ಆಕೆ ತೀರಿಕೊಂಡಿದ್ದು 1879ರಲ್ಲಿ, ಸಿಲೋನಿನಲ್ಲಿ.

ಬಿಸಿಲೇ ಬಾರದ ಕೋಣೆಗಳ ಕಥೆ ಬೇರೆ. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಸೇರಿ ಮೆಗ್ನೀಷಿಯಮ್ ಬೆರೆಸಿದ ಫ್ಲಾಶ್ ಪುಡಿ ತಂದರು. ಅಕ್ಷರಶಃ ಮದ್ದು. ಹೊತ್ತಿಸಿದರೆ ಢಮ್ ಅಂತ ಬೆಳಕು, ಆಮೇಲೆ ಕೋಣೆ ತುಂಬಾ ಹೊಗೆ. ನ್ಯೂಯಾರ್ಕಿನ ಪತ್ರಕರ್ತ ಜೇಕಬ್ ರೀಸ್ ಇದನ್ನು ಹಿಡಿದುಕೊಂಡು ಬಡವರ ವಠಾರಗಳ ಕತ್ತಲೆ ಕೋಣೆಗಳಿಗೆ ನುಗ್ಗಿದ. ಒಮ್ಮೆ ಕುರುಡ ಭಿಕ್ಷುಕರಿದ್ದ ಕೋಣೆಯ ಗೋಡೆಗೆ ಬೆಂಕಿಯೇ ಹತ್ತಿಕೊಂಡಿತಂತೆ. 1890ರ ತನ್ನ ಪುಸ್ತಕದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಅವನ ಚಿತ್ರಗಳಿಂದ ಆ ವಠಾರಗಳ ಸ್ಥಿತಿ ಊರಿಗೆಲ್ಲ ಕಂಡಿತು, ನಿಜ. ಆದರೆ ಅದರಲ್ಲಿರುವ ಎಷ್ಟೋ ಮುಖಗಳು ಬೆಚ್ಚಿಬಿದ್ದ ಮುಖಗಳು. ಎದುರಿನಿಂದ ರಪ್ಪನೆ ಹೊಡೆದ ಬೆಳಕು ಮಾಡುವ ಕೆಲಸವೇ ಅದು. ಮೊಬೈಲಿನ ಫ್ಲಾಶ್ ಹಾಕಿ ತೆಗೆದ ನಮ್ಮ ಮನೆಯ ಫೋಟೋಗಳಲ್ಲೂ ಅದನ್ನು ನೋಡಬಹುದು.

ಇನ್ನೊಬ್ಬ ಇರ್ವಿಂಗ್ ಪೆನ್. 1948ರಲ್ಲಿ ಇವರು ಮಾಡಿದ ಉಪಾಯ ಕೇಳಿದರೆ ನಗು ಬರುತ್ತದೆ. ದೊಡ್ಡ ಸ್ಟುಡಿಯೋ ಇದ್ದರೂ ಎರಡು ಹಲಗೆ ಗೋಡೆಗಳನ್ನು ತಂದು ಕಿರಿದಾದ ಮೂಲೆಯಂತೆ ಜೋಡಿಸಿ, ದೊಡ್ಡ ದೊಡ್ಡ ಹೆಸರಿನವರನ್ನೆಲ್ಲ ಆ ಸಂದಿಯಲ್ಲಿ ನಿಲ್ಲಿಸಿದರು. ಜಾಗ ಚಿಕ್ಕದಾದಷ್ಟೂ ಮನುಷ್ಯ ಏನು ಮಾಡುತ್ತಾನೆ ನೋಡೋಣ ಅಂತ. ಕೆಲವರು ಗೋಡೆಗೆ ಒರಗಿದರು, ಕೆಲವರು ಮುದುಡಿದರು, ಕೆಲವರು ಎರಡೂ ಗೋಡೆ ತಳ್ಳಿ ನಿಂತರು. ಅದೇ ವರ್ಷದ ಡಿಸೆಂಬರಿನಲ್ಲಿ ಪೆರು ದೇಶದ ಕುಸ್ಕೋ ಊರಿಗೆ ಹೋದಾಗ ಅಲ್ಲಿನ ಒಬ್ಬ ಫೋಟೋಗ್ರಾಫರನ ಸ್ಟುಡಿಯೋವನ್ನೇ ಬಾಡಿಗೆಗೆ ಪಡೆದು, ಅವನನ್ನು ಕ್ರಿಸ್‌ಮಸ್ ರಜಕ್ಕೆ ಕಳಿಸಿದರು. ಹಬ್ಬಕ್ಕೆ ಫೋಟೋ ತೆಗೆಸಲು ಬಂದ ಜನರಿಂದ ದುಡ್ಡು ತಗೊಳ್ಳುವ ಬದಲು ತಾವೇ ಕೊಟ್ಟು ಫೋಟೋ ತೆಗೆದರು. ಬೆಳಕು? ಒಂದು ಪಕ್ಕದಿಂದ ಬರುವ ಹಗಲು ಬೆಳಕು. ಅಷ್ಟೇ.

* * *

ನಮ್ಮ ದೇಶಕ್ಕೆ ಬಂದರೆ, ಪುಟ್ಟ ಕೋಣೆಯ ಬೆಳಕಿನ ದೊಡ್ಡ ಪಾಠ ಸಿಕ್ಕಿದ್ದು ಸಿನಿಮಾದಿಂದ. ಸತ್ಯಜಿತ್ ರಾಯ್ ಅವರ 'ಅಪರಾಜಿತೋ' 1956ರದ್ದು. ಅದರಲ್ಲಿ ಕಾಶಿಯ ಒಂದು ಹಳೇ ಮನೆ, ನಡುವೆ ತೊಟ್ಟಿಯಂಥ ಅಂಗಳ. ಮಳೆಗಾಲದ ಭಯಕ್ಕೆ ಆ ಮನೆಯ ಸೆಟ್ಟನ್ನು ಬಯಲಲ್ಲಿ ಹಾಕದೆ ಸ್ಟುಡಿಯೋ ಒಳಗೇ ಹಾಕಿದರು. ತೊಟ್ಟಿಗೆ ಮೇಲಿಂದ ಬೀಳುವ ಬೆಳಕು ಹೇಗಿರುತ್ತದೆ ಅಂತ ತೊಟ್ಟಿಮನೆಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಅದಕ್ಕೆ ಗಟ್ಟಿ ನೆರಳಿಲ್ಲ, ದಿಕ್ಕೂ ಇದ್ದೂ ಇಲ್ಲದಂತೆ. ಸ್ಟುಡಿಯೋದ ದೀಪಗಳನ್ನು ನೇರವಾಗಿ ಹಾಕಿದರೆ ಒಬ್ಬೊಬ್ಬರಿಗೂ ಎರಡೆರಡು ನೆರಳು. ಛಾಯಾಗ್ರಾಹಕ ಸುಬ್ರತೊ ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿಸಿ, ದೀಪಗಳನ್ನು ಆ ಬಟ್ಟೆಗೆ ತಿರುಗಿಸಿದರು. ಬಟ್ಟೆಗೆ ಬಡಿದು ಕೆಳಗಿಳಿದ ಬೆಳಕು ಥೇಟ್ ಆಕಾಶದ ಬೆಳಕು! ಆಗ ಅವರಿಗೆ ಇನ್ನೂ ಇಪ್ಪತ್ತೈದೋ ಇಪ್ಪತ್ತಾರೋ.

ಮೂರು ವರ್ಷದ ನಂತರ, 1959ರಲ್ಲಿ, 'ಕಾಗಜ್ ಕೆ ಫೂಲ್'. ಖಾಲಿ ಸ್ಟುಡಿಯೋದ ಕತ್ತಲಲ್ಲಿ ಮೇಲಿಂದ ಇಳಿಯುವ ಆ ಒಂದು ಬೆಳಕಿನ ಕೋಲನ್ನು ನೋಡದವರು ಕಡಿಮೆ. ಅದು ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರ ಕೈಚಳಕ. ಅವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ದೀಪದಿಂದ ಆ ಕೋಲು ಬಾರದಿದ್ದಾಗ ಕನ್ನಡಿ ಹಿಡಿಸಿದರು: ಹೊರಗಿನ ಬಿಸಿಲಿಗೆ ಒಂದು ಕನ್ನಡಿ, ಅದನ್ನು ಒಳಗೆ ಕೆಳಕ್ಕೆ ತಿರುಗಿಸಲು ಇನ್ನೊಂದು. ನ್ಯೂಯಾರ್ಕಿನ ವೋಲ್ಕಾಟ್ 1840ರಲ್ಲಿ ಮಾಡಿದ್ದೂ ಅದೇ ತಾನೇ! 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಅಂದರೆ ನಮ್ಮ ಪೇಟೆಯ ಸ್ಟುಡಿಯೋದವನು ಅತ್ತೆಯ ಮುಖಕ್ಕೆ ಎರಡು ಬಲ್ಬು ಹಿಡಿಯುವ ಹೊತ್ತಿಗೆ ಬಿಳಿ ಬಟ್ಟೆಯ ಉಪಾಯಕ್ಕೆ ಹದಿನಾರು ವರ್ಷ ಆಗಿತ್ತು. ಎಲ್ಲಾ ಬಣ್ಣಗಳಿಗೂ ಸ್ಪಂದಿಸುವ, ಕೆಂಪನ್ನೂ ನೋಡಬಲ್ಲ ಪ್ಲೇಟುಗಳು ಮಾರುಕಟ್ಟೆಗೆ ಬಂದಿದ್ದು 1906ರಲ್ಲಿ. ಬಲ್ಬಿನ ಬೆಳಕಲ್ಲಿ ಕೆಂಪು ಜಾಸ್ತಿ. ಹಾಗಾಗಿ ಅಂಥ ಫಿಲ್ಮಿನಲ್ಲಿ ನಮ್ಮ ಬಣ್ಣ ತಾನಾಗಿಯೇ ಸ್ವಲ್ಪ ತಿಳಿಯಾಗಿ ಬರುತ್ತದೆ. ಪೌಡರ್ ಬೇಕಾಗಿಯೇ ಇರಲಿಲ್ಲ! ತಗಡಿನ ಕುರುಡು ಹೋಗಿ ಎಷ್ಟೋ ಕಾಲವಾಗಿತ್ತು, ಪೌಡರ್ ಮಾತ್ರ ಉಳಿದಿತ್ತು. ಯಾಕೆಂದರೆ ಈಗ ಅದು ಫಿಲ್ಮಿಗಾಗಿ ಅಲ್ಲ, ಗಂಡಿನ ಕಡೆಯವರಿಗಾಗಿ.

ಸ್ಟುಡಿಯೋದವನನ್ನು ಬೈಯಲು ನನಗೆ ಮನಸ್ಸಿಲ್ಲ. ಅವನು ಕೊಟ್ಟಿದ್ದು ಕೇಳಿದ್ದನ್ನೇ. ಬಣ್ಣದ ಫಿಲ್ಮು ಬಂದಾಗ ದೊಡ್ಡ ಕಂಪನಿಗಳೂ ಇದನ್ನೇ ಮಾಡಿದವು. ಪ್ರಿಂಟಿನ ಬಣ್ಣ ಸರಿ ಇದೆಯೇ ಅಂತ ನೋಡಲು ಕೊಡಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ 'ಶರ್ಲಿ ಕಾರ್ಡ್'ಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸಿನ ಮುಖ. ಆ ಮುಖ ಸರಿ ಬಂದರೆ ಎಲ್ಲವೂ ಸರಿ ಅಂತ ಲೆಕ್ಕ. ನಮ್ಮ ಸ್ಟುಡಿಯೋದವನ ಹತ್ತಿರ ಕಾರ್ಡ್ ಇರಲಿಲ್ಲ, ಅಳತೆ ಮಾತ್ರ ಅದೇ.

* * *

ಸರಿ, ಊರಿಗೆ ಹೋದೆ. ಕ್ಯಾಮೆರಾ ಜೊತೆಗೆ ಎರಡು ಥರ್ಮೋಕೋಲ್ ಶೀಟು. ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಕೊಂಡಿದ್ದು.

ಮೊದಲ ತೊಂದರೆ ಗೋಡೆಯದ್ದು. ಚಿಕ್ಕ ಕೋಣೆಯಲ್ಲಿ ಬೆಳಕು ಗೋಡೆಗೆ ಬಡಿದು ವಾಪಸ್ ಬರುತ್ತದೆ, ಬರುವಾಗ ಗೋಡೆಯ ಬಣ್ಣವನ್ನೂ ತರುತ್ತದೆ. ಒಂದು ಟ್ರಯಲ್ ತೆಗೆದರೆ ಅತ್ತೆಯ ಒಂದು ಕೆನ್ನೆ ಗಿಳಿಹಸಿರು! ಮಾವನ ಬಿಳಿ ಪಂಚೆಯೊಂದನ್ನು ಬೀರುವಿನಿಂದ ತೆಗೆದು ಆ ಗೋಡೆಗೆ ಕಟ್ಟಿದೆವು.

ಎರಡನೆಯದು ಕಿಟಕಿ. ಅದು ಉತ್ತರದ ಕಿಟಕಿ. ಇಂಗ್ಲಿಷ್ ಪುಸ್ತಕಗಳೆಲ್ಲ ಉತ್ತರದ ಕಿಟಕಿಯೇ ಶ್ರೇಷ್ಠ, ಅಲ್ಲಿ ಬಿಸಿಲು ನೇರ ಬೀಳುವುದಿಲ್ಲ ಅನ್ನುತ್ತವೆ. ಅದು ಯುರೋಪಿನವರ ಮಾತು. ನಾವಿರುವುದು ಹದಿಮೂರು ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನವೂ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ನಾನು ಹೋಗಿದ್ದು ಮೇ ತಿಂಗಳು. ಬೆಳಿಗ್ಗೆ ಎಂಟಕ್ಕೆ ನೋಡಿದರೆ ಕಿಟಕಿಯಿಂದ ಓರೆಯಾಗಿ ಬಿಸಿಲು ಒಳಗೆ ಬಂದು ಕೂತಿದೆ. ಇನ್ನೊಂದು ಪಂಚೆ ಕಿಟಕಿಗೆ. ಆಹಾ, ಗಡುಸು ಬಿಸಿಲು ಹಾಲಿನಂತೆ ಮೆತ್ತಗಾಯಿತು.

ಮೂರನೆಯದು ದೂರದ ಲೆಕ್ಕ. ಬೆಳಕಿನ ಮೂಲದಿಂದ ದೂರ ಎರಡರಷ್ಟಾದರೆ ಬೆಳಕು ಅರ್ಧವಲ್ಲ, ಕಾಲು ಭಾಗ ಆಗುತ್ತದೆ. ಮೂರರಷ್ಟಾದರೆ ಒಂಬತ್ತರಲ್ಲಿ ಒಂದು. ಕಿಟಕಿಯಂಥ ಅಗಲವಾದ ಬೆಳಕಿಗೆ ಈ ಲೆಕ್ಕ ಇಷ್ಟು ಕರಾರುವಾಕ್ ಅಲ್ಲ, ಆದರೆ ದಾರಿ ಅದೇ. ಹಾಗಾಗಿ ಚಿಕ್ಕ ಕೋಣೆಯಲ್ಲಿ ಮುಖ ಕಿಟಕಿಗೆ ಹತ್ತಿರ ಇರಬೇಕು, ಹಿಂದಿನ ಗೋಡೆ ಆದಷ್ಟು ದೂರ. ಆಗ ಗೋಡೆ ತಾನೇ ಕಪ್ಪಾಗಿ ಹಿಂದೆ ಸರಿಯುತ್ತದೆ, ಬೀರು, ಮಂಚ ಎಲ್ಲ ಮಾಯ. ಅತ್ತೆಯನ್ನು ಕಿಟಕಿಯಿಂದ ಎರಡಡಿಗೆ, ಮುಖ ಅರ್ಧ ಕಿಟಕಿಯ ಕಡೆ ತಿರುಗಿಸಿ ಕೂರಿಸಿದೆ. ನೆರಳಿನ ಕಡೆಗೆ ಒಂದು ಥರ್ಮೋಕೋಲ್, ಹೊಲಿಗೆ ಮಿಷನ್ನಿಗೆ ಒರಗಿಸಿ. ನಾನು ಬಾಗಿಲ ಹೊಸ್ತಿಲಿಗೆ ಹೋಗಿ ನಿಂತೆ, ಆರೇಳಡಿ ದೂರಕ್ಕೆ. ತೀರಾ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಿವಿ ಚಿಕ್ಕದಾಗುತ್ತದೆ. ಫ್ಲಾಶನ್ನು ಚೀಲದಿಂದ ತೆಗೆಯಲೇ ಇಲ್ಲ.

ಅತ್ತೆ ಒಳಗಿನಿಂದ ಪೌಡರ್ ಡಬ್ಬಿ ತಂದಿದ್ದರು. ಕೈಯಲ್ಲೇ ಹಿಡಿದು ಕೂತಿದ್ದರು.

"ಹಚ್ಕೊಳ್ಳಲಾ?" ಅಂದರು.

"ಬೇಡ ಅತ್ತೆ."

"ಕಪ್ಪಗೆ ಬರ್ತೀನಿ ಕಣೋ."

"ಹೆಂಗಿದೀರೋ ಹಂಗೆ ಬರ್ತೀರಿ. ಕಿಟಕಿ ಕಡೆ ನೋಡಿ."

ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಹೊರಗೆ ಯಾರದೋ ಕರು ಕೂಗಿತು, ಅತ್ತ ನೋಡಿದರು. ಅದೇ ಫೋಟೋ.

ಪರದೆಯ ಮೇಲೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಕೆನ್ನೆಯ ಸುಕ್ಕು, ಹಣೆಯ ಮೇಲಿನ ಹಳೇ ಗಾಯದ ಗುರುತು, ಮೂಗುಬೊಟ್ಟಿನ ಪಕ್ಕ ಬಿದ್ದ ಚೂರು ಬೆಳಕು, ಎಲ್ಲಾ ಇತ್ತು. ನಾನು ಬೈಸಿಕೊಳ್ಳಲು ರೆಡಿಯಾಗಿದ್ದೆ.

"ನಮ್ಮಮ್ಮನ ಹಂಗೇ ಇದೀನಲ್ಲೋ," ಅಂದರು.

ನಮ್ಮಜ್ಜಿಯದು ಒಂದೂ ಫೋಟೋ ಇಲ್ಲ. ನಾನು ಅವರನ್ನು ನೋಡಿಲ್ಲ. ಅವತ್ತು ನೋಡಿದ ಹಾಗಾಯಿತು.

ಫೋಟೋಗೆ ಕಟ್ಟು ಹಾಕಿಸಿ ಕಳಿಸಿದ್ದೇನೆ. ಅದನ್ನು ಆ ಮೊಳೆಗೆ ಹಾಕಿಲ್ಲವಂತೆ, "ಈಗ್ಲೇ ಯಾಕೆ?" ಅಂತ ಟಿವಿ ಪಕ್ಕ ಇಟ್ಟುಕೊಂಡಿದ್ದಾರೆ. 1972ರ ಫೋಟೋ ಬೀರುವಿನಲ್ಲೇ ಇದೆ. ಅದನ್ನು ನಾನು ಸ್ಕ್ಯಾನ್ ಮಾಡಿ ಇಟ್ಟುಕೊಂಡಿದ್ದೇನೆ. ಅದೂ ಇತಿಹಾಸವೇ ತಾನೇ.

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಒಂದು ಫೋಟೋ ಇದ್ದೇ ಇರುತ್ತದೆ. ಒಮ್ಮೆ ತೆಗೆದು ನೋಡಿ. ಕಣ್ಣಿನ ಕರಿಗುಡ್ಡೆಯನ್ನು ಸರಿಯಾಗಿ ಗಮನಿಸಿದರೆ ಬಲ್ಬು ಎಷ್ಟಿತ್ತು, ಯಾವ ಕಡೆ ಇತ್ತು, ಕಿಟಕಿ ಇತ್ತೋ ಇಲ್ಲವೋ ಎಲ್ಲಾ ಚುಕ್ಕಿಯಾಗಿ ಕಾಣುತ್ತದೆ. ಹಿಂದೆ ಸ್ಟುಡಿಯೋದ ಸೀಲು, ಇಸವಿ ಇದ್ದರೆ ಬರೆದಿಟ್ಟುಕೊಳ್ಳಿ. ಮತ್ತೆ, ಅದರಲ್ಲಿ ಕೂತವರು ಇನ್ನೂ ಇದ್ದರೆ, ಆವತ್ತು ಏನಾಯಿತು ಅಂತ ಕೇಳಿ. ಕಥೆ ಸಿಕ್ಕರೆ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ, ನಾನಂತೂ ಓದಲು ಕಾದಿರುತ್ತೇನೆ.